ಗೂಢಶ್ರವಣವೂ ಆಪದ್ಧರ್ಮವೂ

ರಾಜ್ಯಕ್ಕೆ ಗೂಢಚಾರರು ಬೇಕೋ ಬೇಡವೋ ಎಂಬುದು ಇಂದು ಹೊಸದಾಗಿ ವಿಚಾರಮಾಡತಕ್ಕ ಪ್ರಶ್ನೆಯಲ್ಲ. ಅರಸರಿಗೆ ಚಾರರೇ ಕಣ್ಣುಗಳೆಂದು ನೀತಿಶಾಸ್ತ್ರಕಾರರು ಬಹು ಹಿಂದೆಯೇ ತೀರ್ಮಾನಿಸಿದ್ದಾರೆ. ಕೌಟಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿಯೇ ಗೂಢಪುರುಷರ ನೇಮಕದ ಪ್ರಕರಣವನ್ನಿರಿಸಿ, ವಿದ್ಯಾರ್ಥಿಯ ವೇಷದವನು, ಸಂನ್ಯಾಸವನ್ನು ಬಿಟ್ಟು ಬಂದವನು, ಒಕ್ಕಲಿಗನ ವೇಷದವನು, ವರ್ತಕನ ವೇಷದವನು, ತಪಸ್ವಿಯ ವೇಷದವನು ಎಂದು ಅವರ ಬಗೆಗಳನ್ನು ಎಣಿಸಿದ್ದಾನೆ. ಆ ಪಟ್ಟಿಯನ್ನು ಓದಿ ಮುಗಿಸಿದವರಿಗೆ ಅವನ ರಾಜ್ಯದಲ್ಲಿ ಚಾರನಲ್ಲದ ಪ್ರಜೆ ಯಾವನಾದರೂ ಉಳಿದಿದ್ದನೇ ಎಂಬ ಸಂಶಯ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಕೌಟಲ್ಯನು, ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದೇ ಆಗಿ ಬಂದಾಗ ಅದನ್ನು ನಂಬತಕ್ಕದ್ದೆಂದೂ, ಮತ್ತೆ ಮತ್ತೆ ಹೊಂದಿಕೆಯಿಲ್ಲದ ಸುದ್ದಿಯನ್ನು ತರುವವರನ್ನು ಗುಟ್ಟಾಗಿ ದಂಡಿಸಬೇಕು ಇಲ್ಲವೇ ಕೆಲಸದಿಂದ ತೆಗೆಯಬೇಕೆಂದೂ ವಿಧಿಸುತ್ತಾನೆ. ಕಿವಿಗೊಡಲು ಅಪ್ಪಣೆಯಿತ್ತ ಶಾಸ್ತ್ರಕಾರನೇ ಆ ಕಿವಿಗೆ ಕಾವಲನ್ನೂ ಇಟ್ಟನು. ಅವನ ಕಾಲದಲ್ಲಿ ಆ ಕಾವಲುಗಾರನು ಅರಸನೇ. ಪ್ರಜೆಗಳೇ ಅರಸರೆಂದು ಹೇಳಿಕೊಳ್ಳುವ ರಾಜ್ಯಗಳಲ್ಲಿ ಅರಸನ ಕಿವಿಯು ಪ್ರಜೆಯ ಮನೆಯ ಗೋಡೆಗೇ ಅಂಟಿಕೊಂಡಾಗ ಕಾವಲುಗಾರನು ಯಾರು? ಅನುಜ್ಞೆಯನ್ನು ಕೊಡತಕ್ಕವರು ಯಾರು, ಲೆಕ್ಕ ಕೇಳತಕ್ಕವರು ಯಾರು? ಈ ಪ್ರಶ್ನೆಯು ಈ ಶತಮಾನದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಎದ್ದದ್ದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ.

2001ನೆಯ ಇಸವಿ ಸೆಪ್ಟೆಂಬರ್ 11ರಂದು ಹತ್ತೊಂಬತ್ತು ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ನ್ಯೂಯಾರ್ಕ್ ನಗರದ ಎರಡು ಗೋಪುರಗಳನ್ನು ಕೆಡವಿ, ಸೈನ್ಯಾಲಯಕ್ಕೂ ಬಡಿದು, 2,977 ಜನರ ಪ್ರಾಣವನ್ನು ತೆಗೆದರು. ಆ ಘೋರವು ನಡೆದು ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಅಕ್ಟೋಬರ್ 4ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ಒಂದು ಗುಪ್ತಾಜ್ಞೆಗೆ ರುಜುಮಾಡಿದರು. ಅದರಂತೆ ರಾಷ್ಟ್ರೀಯ ಸುರಕ್ಷತಾ ಸಂಸ್ಥೆಯು, ಒಂದು ತುದಿ ಪರದೇಶದಲ್ಲಿದ್ದು ಮಾತನಾಡುವವರಲ್ಲೊಬ್ಬನಿಗೆ ಅಲ್ ಕೈದಾದ ಸಂಬಂಧವಿದೆಯೆಂದು ಸಂಶಯ ಬಂದ ಟೆಲಿಫೋನು ಮಾತುಗಳನ್ನೂ ಮಿಂಚಂಚೆಗಳನ್ನೂ ನ್ಯಾಯಾಧೀಶನ ವಾರಂಟಿಲ್ಲದೆ ಕೇಳಬಹುದಾಯಿತು. ಜೊತೆಗೆ, ಯಾರು ಯಾರಿಗೆ ಯಾವಾಗ ಎಷ್ಟು ಹೊತ್ತು ಫೋನು ಮಾಡಿದರು ಎಂಬ ವಿವರಗಳನ್ನು, ಸಂಶಯವಿರಲಿ ಇಲ್ಲದಿರಲಿ, ರಾಶಿರಾಶಿಯಾಗಿ ಕೂಡಿಹಾಕುವ ಕಾರ್ಯವೂ ಆರಂಭವಾಯಿತು. ಇದಕ್ಕೆ ಇಟ್ಟ ಗುಪ್ತನಾಮ ಸ್ಟೆಲ್ಲರ್ ವಿಂಡ್, ಎಂದರೆ ನಕ್ಷತ್ರಮಾರುತ. ಹೆಸರೇನೋ ಕಾವ್ಯಮಯವಾಗಿದೆ. ಸುಮಾರು ನಲವತ್ತೈದು ದಿನಗಳಿಗೊಮ್ಮೆ ಆ ಆಜ್ಞೆಯನ್ನು ಹೊಸದುಮಾಡಲಾಗುತ್ತಿತ್ತು.

ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಸುಲಭವಾಗಿ ಖಂಡಿಸುವುದು ವಾದದ ಮರ್ಯಾದೆಯಲ್ಲ. ಆದಕಾರಣ ಅಧ್ಯಕ್ಷರ ಕಡೆಯವರ ಮಾತನ್ನು ಅದರ ಪೂರ್ಣಬಲದೊಡನೆ ಕೇಳಬೇಕು. ಅವರು ಹೇಳಿದ್ದು ಇದು. ಕಳ್ಳತನವಾದ ಮೇಲೆ ಕಳ್ಳನನ್ನು ಹಿಡಿಯುವ ಪೊಲೀಸಿನವನಿಗೆ ವಾರಂಟು ತರಲು ಸಮಯವಿದೆ. ಆದರೆ ಇಲ್ಲಿ ಹಿಡಿಯಬೇಕಾದದ್ದು ನಡೆದ ಅಪರಾಧವನ್ನಲ್ಲ, ನಡೆಯಲಿರುವುದನ್ನು. ಸಾಯಲು ಸಿದ್ಧನಾಗಿ ಬಂದವನನ್ನು ಶಿಕ್ಷೆಯ ಭಯದಿಂದ ತಡೆಯುವಂತಿಲ್ಲ. ಅವನ ಮನಸ್ಸಿನಲ್ಲಿರುವುದು ಮಾತಾಗಿ ಹೊರಬಂದಾಗ ಕೇಳಿಸಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಶತ್ರುವಿನ ಮಾತನ್ನು ಯುದ್ಧಕಾಲದಲ್ಲಿ ಕೇಳುವುದಕ್ಕೆ ಯಾವ ಸೇನಾಪತಿಯು ನ್ಯಾಯಸ್ಥಾನದ ಬಾಗಿಲಿನಲ್ಲಿ ನಿಂತಾನು? ಸಾವಿರಾರು ಜನರ ಹೆಣಗಳ ಮುಂದೆ, ಒಬ್ಬನ ಫೋನಿನ ಗುಟ್ಟು ಯಾವ ಲೆಕ್ಕ? ಪ್ರಜೆಗಳನ್ನು ಕಾಪಾಡಲಾರದ ಅರಸನು ಧರ್ಮಿಷ್ಠನಾಗಿದ್ದು ಪ್ರಯೋಜನವೇನು?

ಈ ವಾದಕ್ಕೆ ಅವರು ಒಂದು ನಿದರ್ಶನವನ್ನೂ ಕೊಡುತ್ತಿದ್ದರು. ಅಪಹರಣಕಾರರಲ್ಲಿ ಖಾಲಿದ್ ಅಲ್ ಮಿಹ್‌ಧಾರ್ ಮತ್ತು ನವಾಫ್ ಅಲ್ ಹಾಜ್ಮಿ ಎಂಬಿಬ್ಬರು 2000ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ವಾಸವಾಗಿದ್ದರು. ಅಲ್ಲಿಂದ ಯೆಮೆನ್ ದೇಶದ ಒಂದು ಮನೆಗೆ ಫೋನು ಹೋಗುತ್ತಿತ್ತು; ಆ ಮನೆಯ ಮೇಲೆ ಸುರಕ್ಷತಾ ಸಂಸ್ಥೆಯ ಕಿವಿ ಮೊದಲೇ ಇತ್ತು; ಮಾತು ಕೇಳಿಸಿತು, ಆದರೆ ಅದು ಸ್ವದೇಶದ ಒಳಗಿನಿಂದಲೇ ಬರುತ್ತಿದೆಯೆಂಬುದು ತಿಳಿಯಲಿಲ್ಲವೆಂದು ಹೇಳಿದರು. ಎಲ್ಲರ ಫೋನುಗಳ ಲೆಕ್ಕವೂ ಕೈಯಲ್ಲಿದ್ದಿದ್ದರೆ ತಿಳಿಯುತ್ತಿತ್ತೆಂಬುದು ಅವರ ವಾದ. ಆದರೆ 2004ರಲ್ಲಿ ಹೊರಬಂದ ವಿಚಾರಣಾ ಆಯೋಗದ ವರದಿಯನ್ನು ಓದಿದವರಿಗೆ ಕಥೆಯ ಉಳಿದ ಭಾಗವೂ ಕಾಣುತ್ತದೆ. ಈ ಇಬ್ಬರ ಹೆಸರನ್ನೂ ಸಿ.ಐ.ಎ. ಸಂಸ್ಥೆಯು 2000ನೆಯ ಇಸವಿಯ ಆರಂಭದಲ್ಲಿಯೇ ಅರಿತಿತ್ತು. ಒಬ್ಬನಿಗೆ ಅಮೆರಿಕದ ವೀಸಾ ಇರುವುದನ್ನೂ ಇನ್ನೊಬ್ಬನು ಲಾಸ್ ಏಂಜಲೀಸಿಗೆ ವಿಮಾನ ಹತ್ತಿದುದನ್ನೂ ಅರಿತಿತ್ತು. ಪಕ್ಕದ ಮನೆಯವರಂತಿದ್ದ ಎಫ್.ಬಿ.ಐ. ಸಂಸ್ಥೆಯವರು ಅವರನ್ನು ಹುಡುಕತೊಡಗಿದ್ದು 2001ರ ಆಗಸ್ಟ್ ತಿಂಗಳ ಕೊನೆಯಲ್ಲಿ. ಅಷ್ಟರೊಳಗೆ ಅವರಲ್ಲೊಬ್ಬನ ಹೆಸರು ಸ್ಯಾನ್ ಡಿಯಾಗೋವಿನ ಟೆಲಿಫೋನು ಡೈರೆಕ್ಟರಿಯಲ್ಲಿಯೇ ಅಚ್ಚಾಗಿತ್ತು. ಕೊರತೆಯಿದ್ದದ್ದು ಕಿವಿಯಲ್ಲಲ್ಲ, ಒಂದು ಕಿವಿ ಕೇಳಿದ್ದನ್ನು ಮತ್ತೊಂದು ಕೈಗೆ ಮುಟ್ಟಿಸುವ ನರದಲ್ಲಿ. ಮೂವರು ಚಾರರ ಮಾತನ್ನು ಒಂದೆಡೆ ಇಟ್ಟು ನೋಡೆಂದ ಕೌಟಲ್ಯನು ಇದನ್ನು ಕೇಳಿದ್ದರೆ ನಗುತ್ತಿದ್ದನೋ ಅಳುತ್ತಿದ್ದನೋ.

ವಾರಂಟು ಎಂಬುದು ವಾಸ್ತವವಾಗಿ ಏನು? ಅದು ಬರಿಯ ಕಾಗದವಲ್ಲ. ಒಬ್ಬನ ಮನೆಯನ್ನು ಹೊಗಬೇಕೆನ್ನುವ ಅಧಿಕಾರಿಯು, ಹೋಗುವುದಕ್ಕೆ ಮೊದಲು, ಆ ಕೆಲಸದಲ್ಲಿ ಲಾಭನಷ್ಟವಿಲ್ಲದ ಮೂರನೆಯವನ ಮುಂದೆ ನಿಂತು, ಯಾವನ ಮನೆ, ಏತಕ್ಕೆ, ಏನು ಸಿಕ್ಕುವುದೆಂಬ ನಿರೀಕ್ಷೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕೆಂಬ ಕಟ್ಟಳೆ ಅದು. ಅಮೆರಿಕವು ಇಂಗ್ಲೆಂಡಿನ ವಸಾಹತಾಗಿದ್ದಾಗ ಸುಂಕದ ಅಧಿಕಾರಿಗಳು ಹೆಸರಿಲ್ಲದ, ಮನೆಯ ಗುರುತಿಲ್ಲದ ಸಾಮಾನ್ಯಾಜ್ಞೆಯೊಂದನ್ನು ಹಿಡಿದು ಯಾರ ಉಗ್ರಾಣವನ್ನಾದರೂ ಶೋಧಿಸುತ್ತಿದ್ದರು. 1761ರಲ್ಲಿ ಬಾಸ್ಟನ್ ನಗರದ ವಕೀಲ ಜೇಮ್ಸ್ ಓಟಿಸನು ಅದರ ವಿರುದ್ಧ ನ್ಯಾಯಸ್ಥಾನದಲ್ಲಿ ವಾದಿಸಿ ಸೋತನು. ಸೋತ ಆ ವಾದವೇ ಮುಂದೆ 1791ರಲ್ಲಿ ರಾಜ್ಯಾಂಗದ ನಾಲ್ಕನೆಯ ತಿದ್ದುಪಡಿಯಾಗಿ ಗೆದ್ದಿತು. ತಂತಿಯ ಮೂಲಕ ಹೋಗುವ ಮಾತು ಮನೆಯೊಳಗಿನ ಮಾತೇ ಅಲ್ಲವೇ ಎಂಬ ಪ್ರಶ್ನೆ ಬಂದಾಗ ಅಲ್ಲಿನ ಶ್ರೇಷ್ಠ ನ್ಯಾಯಾಲಯವು 1928ರಲ್ಲಿ ಅಲ್ಲವೆಂದಿತು, 1967ರಲ್ಲಿ ಹೌದೆಂದು ತನ್ನನ್ನು ತಿದ್ದಿಕೊಂಡಿತು. 1972ರಲ್ಲಿ, ದೇಶದ ಒಳಗಿನ ಭದ್ರತೆಯ ಹೆಸರಿನಲ್ಲಿಯೂ ವಾರಂಟಿಲ್ಲದೆ ಪ್ರಜೆಯ ಮಾತನ್ನು ಕೇಳಕೂಡದೆಂದು ಎಂಟು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರು. ಪರರಾಷ್ಟ್ರಗಳ ಗೂಢಚಾರರ ವಿಷಯವನ್ನು ಮಾತ್ರ ಆ ತೀರ್ಪು ಮುಟ್ಟಲಿಲ್ಲ. ಬಿರುಕು ಅಲ್ಲಿಯೇ ಉಳಿಯಿತು.

ಆಪತ್ತಿನಲ್ಲಿ ಧರ್ಮದ ಕಟ್ಟು ಸಡಿಲವಾಗುತ್ತದೆಂಬುದನ್ನು ಯಾವ ಶಾಸ್ತ್ರವೂ ಅಲ್ಲಗಳೆದಿಲ್ಲ. ಎಷ್ಟು ಸಡಿಲವೆಂಬುದೇ ಪ್ರಶ್ನೆ. ಛಾಂದೋಗ್ಯೋಪನಿಷತ್ತಿನಲ್ಲಿ ಉಷಸ್ತಿ ಚಾಕ್ರಾಯಣನೆಂಬ ಬಡ ಬ್ರಾಹ್ಮಣನ ಉಪಾಖ್ಯಾನವಿದೆ. ಕುರುದೇಶದ ಬೆಳೆಯೆಲ್ಲ ಹಾಳಾಗಿ ಕ್ಷಾಮ ಬಂದಾಗ ಅವನು ಹೆಂಡತಿಯೊಡನೆ ಒಂದು ಹಳ್ಳಿಯನ್ನು ಸೇರಿದನು. ಅಲ್ಲಿ ಒಬ್ಬನು ಹುರುಳಿಯಂಥ ಕೀಳು ಧಾನ್ಯವನ್ನು ಬೇಯಿಸಿ ತಿನ್ನುತ್ತಿರುವುದನ್ನು ಕಂಡು ಬೇಡಿದನು. ಎಂಜಲಲ್ಲದೆ ಬೇರೆಯಿಲ್ಲವೆಂದು ಅವನು ಹೇಳಿದರೂ ಅದನ್ನೇ ಕೊಡೆಂದು ಪಡೆದು ತಿಂದನು. ತಿಂದ ಮೇಲೆ ಆತನು ನೀರನ್ನು ಮುಂದೆ ಹಿಡಿದನು. ಉಷಸ್ತಿಯು ಎಂಜಲು ನೀರನ್ನು ಕುಡಿಯಲಾರೆನೆಂದನು. ತಿಂದ ಕಾಳು ಎಂಜಲಲ್ಲವೇ ಎಂದು ಕೇಳಿದುದಕ್ಕೆ ಅವನ ಉತ್ತರ ಇಷ್ಟೇ: ಕಾಳನ್ನು ತಿನ್ನದಿದ್ದರೆ ಬದುಕುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ಸಿಕ್ಕುತ್ತದೆ.

ಈ ಕಥೆಯ ಸೂಕ್ಷ್ಮವು ಮರುದಿನದಲ್ಲಿಯೂ ಇದೆ. ಉಳಿದ ಕಾಳನ್ನು ಅವನು ಹೆಂಡತಿಗೆ ಕೊಟ್ಟಿದ್ದನು. ಅವಳು ಅದನ್ನು ತೆಗೆದಿಟ್ಟಿದ್ದಳು. ಬೆಳಗ್ಗೆ ಎದ್ದು, ಏನಾದರೂ ಅನ್ನ ಸಿಕ್ಕಿದರೆ ರಾಜನ ಯಜ್ಞಕ್ಕೆ ಹೋಗಿ ದ್ರವ್ಯವನ್ನು ಸಂಪಾದಿಸಬಹುದಿತ್ತೆಂದು ಅವನು ಚಿಂತಿಸಿದಾಗ ಅವಳು ಅದನ್ನೇ ತಂದಿತ್ತಳು. ಅವನು ಆ ಹಳಸಿದ ಎಂಜಲನ್ನೂ ತಿಂದು ಹೊರಟನು. ಆದಕಾರಣ ಆಪದ್ಧರ್ಮಕ್ಕೆ ಇಂತಿಷ್ಟೇ ದಿನವೆಂಬ ಅಳತೆಯಿಲ್ಲ. ಹಸಿವು ಎಷ್ಟು ದಿನವೋ ಅಷ್ಟು ದಿನ. ಆದರೆ ನೀರು ಸಿಕ್ಕುವಲ್ಲಿ ಒಂದು ದಿನಕ್ಕೂ ಅದು ಇಲ್ಲ. ಅಮೆರಿಕದ ಅಧಿಕಾರಿಗಳು ನಲವತ್ತೈದು ದಿನಗಳಿಗೊಮ್ಮೆ ಆಜ್ಞೆಯನ್ನು ಹೊಸದುಮಾಡಿದ್ದು ತಪ್ಪೆಂದು ಈ ಕಥೆಯು ಹೇಳುವುದಿಲ್ಲ, ಅಪಾಯ ಕಳೆದಿರಲಿಲ್ಲವಷ್ಟೆ. ಕೇಳಬೇಕಾದ ಪ್ರಶ್ನೆ ಬೇರೆ: ಅವರು ಕಾಳನ್ನು ತಿಂದರೋ, ನೀರನ್ನೂ ಕುಡಿದರೋ?

ನೀರು ಸಿಕ್ಕುತ್ತಿತ್ತು. 1978ರಿಂದಲೂ ಅಲ್ಲಿ ಪರದೇಶೀಯ ಗೂಢಚರ್ಯೆಯ ವಿಚಾರಣೆಗಾಗಿಯೇ ಒಂದು ಗುಪ್ತ ನ್ಯಾಯಾಲಯವಿದೆ. ಅದರ ಬಾಗಿಲು ಸಾರ್ವಜನಿಕರಿಗೆ ತೆರೆಯದು, ಎದುರುಪಕ್ಷದ ವಕೀಲನಿಲ್ಲ, ಅಲ್ಲಿಗೆ ಹೋದ ಗುಟ್ಟು ಹೊರಗೆ ಬೀಳುವ ಭಯವಿಲ್ಲ. ಸರ್ಕಾರದ ಅರ್ಜಿಯನ್ನು ಅದು ತಿರಸ್ಕರಿಸಿದ್ದು ಬಹು ಅಪರೂಪ. ಅದಕ್ಕಿಂತಲೂ ಮುಖ್ಯವಾದದ್ದು, ಪ್ರಾಣಸಂಕಟದ ತುರ್ತಿನಲ್ಲಿ ಮೊದಲು ಕೇಳಿ ಆಮೇಲೆ ಅನುಜ್ಞೆಯನ್ನು ಬೇಡಬಹುದೆಂದು ಆ ಶಾಸನದಲ್ಲಿಯೇ ಇತ್ತು. ಆ ಅವಧಿಯು ಇಪ್ಪತ್ತನಾಲ್ಕು ಗಂಟೆಗಳಾಗಿದ್ದದ್ದನ್ನು 2001ರ ಡಿಸೆಂಬರಿನಲ್ಲಿ ಎಪ್ಪತ್ತೆರಡು ಗಂಟೆಗಳಿಗೆ ಏರಿಸಿದರು. ಹೀಗಿರುವಲ್ಲಿ ಸಮಯವಿಲ್ಲವೆಂಬ ವಾದವು ನಿಲ್ಲುವುದೆಲ್ಲಿ? ಅನುಜ್ಞೆಯ ಹಿಂದೆ ಓಡಬೇಕಾಗಿರಲಿಲ್ಲ. ಮೂರು ದಿನ ಕಳೆದ ಮೇಲೆ ನಿಧಾನವಾಗಿ ನಡೆದುಹೋಗಿ ಕೇಳಿದ್ದರೆ ಸಾಕಾಗಿತ್ತು. ಕೇಳಬೇಕಾದವರ ಸಂಖ್ಯೆ ಹೆಚ್ಚು, ಒಬ್ಬೊಬ್ಬನ ಮೇಲೂ ಕಾರಣ ತೋರಿಸಲಾಗದು, ಶಾಸನವು ತಂತಿಯ ಕಾಲದ್ದು ಎಂದು ಕೆಲವರು ಹೇಳಿದರು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಹಾಗಾದರೆ ಶಾಸನಸಭೆಯನ್ನು ಕೇಳಿ ತಿದ್ದಿಸಬೇಕಾಗಿತ್ತು. ಆ ಸಭೆಯು ಆಗ ಕೇಳಿದ್ದನ್ನು ಕೊಡದ ಸ್ಥಿತಿಯಲ್ಲಿರಲಿಲ್ಲ. ಅಕ್ಟೋಬರ್ 26ರಂದು ಪೇಟ್ರಿಯಟ್ ಶಾಸನವೆಂಬ ದೊಡ್ಡ ಕಟ್ಟು ಆರೇ ವಾರಗಳಲ್ಲಿ ಜಾರಿಗೆ ಬಂದಿತು. ಕೇಳಿದರೆ ಕೊಡುವವರ ಬಳಿಯಲ್ಲಿಯೂ ಕೇಳದೆ ತೆಗೆದುಕೊಂಡದ್ದನ್ನು ಆಪದ್ಧರ್ಮವೆನ್ನಲಾಗದು. ಅದು ಬೇರೆ ಏನೋ. ಕೇಳುವುದೇ ತನ್ನ ಪದವಿಗೆ ಕುಂದೆಂಬ ಭಾವನೆ ಇರಬೇಕು.

ಒಂದು ರಾತ್ರಿಯ ಸಂಗತಿಯು ಇದನ್ನು ಚೆನ್ನಾಗಿ ತೋರಿಸುತ್ತದೆ. 2004ರ ಮಾರ್ಚಿಯಲ್ಲಿ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟರು ಕಾಯಿಲೆಯಿಂದ ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಅಧಿಕಾರವನ್ನು ಜೇಮ್ಸ್ ಕೋಮಿಯವರು ವಹಿಸಿಕೊಂಡಿದ್ದರು. ಕಾರ್ಯಕ್ರಮದ ಒಂದು ಭಾಗಕ್ಕೆ ಶಾಸನದ ಆಧಾರವಿಲ್ಲವೆಂದು ಅವರ ಇಲಾಖೆಯ ವಕೀಲರು ನಿರ್ಣಯಿಸಿದ್ದರಿಂದ ಕೋಮಿಯವರು ರುಜುಹಾಕಲು ಒಪ್ಪಲಿಲ್ಲ. 10ನೆಯ ತಾರೀಖಿನ ರಾತ್ರಿ ಅಧ್ಯಕ್ಷರ ಭವನದಿಂದ ಆಲ್ಬರ್ಟೊ ಗೊನ್ಜಾಲೆಸ್ ಮತ್ತು ಆಂಡ್ರ್ಯೂ ಕಾರ್ಡ್ ಎಂಬಿಬ್ಬರು ಕಾಗದವನ್ನು ಹಿಡಿದು ರೋಗಿಯ ಹಾಸಿಗೆಯ ಬಳಿಗೆ ಹೊರಟರು. ಸುದ್ದಿ ತಿಳಿದು ಕೋಮಿಯವರು ಅವರಿಗಿಂತ ಮುಂಚೆ ಓಡಿ ಹಾಸಿಗೆಯ ಪಕ್ಕದಲ್ಲಿ ಕುಳಿತರು. ನಿಶ್ಶಕ್ತರಾಗಿದ್ದ ಆಶ್‌ಕ್ರಾಫ್ಟರು ದಿಂಬಿನಿಂದ ತಲೆಯೆತ್ತಿ ತಮ್ಮ ಆಕ್ಷೇಪಣೆಯನ್ನು ಸ್ಪಷ್ಟವಾಗಿ ಹೇಳಿ, ಈಗ ಅಧಿಕಾರವಿರುವುದು ತಮಗಲ್ಲವೆಂದು ಕೋಮಿಯವರ ಕಡೆಗೆ ತೋರಿಸಿದರು. ಮರುದಿನ ಆ ಇಲಾಖೆಯ ರುಜುವಿಲ್ಲದೆಯೇ ಆಜ್ಞೆಯು ಹೊಸದಾಯಿತು. ಕೋಮಿಯವರೂ ಎಫ್.ಬಿ.ಐ.ಯ ಮುಖ್ಯಸ್ಥ ರಾಬರ್ಟ್ ಮುಲ್ಲರ್ ಅವರೂ ರಾಜೀನಾಮೆಗೆ ಸಿದ್ಧರಾದ ಮೇಲೆ ಅಧ್ಯಕ್ಷರು ಮಣಿದು ಕಾರ್ಯಕ್ರಮವನ್ನು ತಿದ್ದಲು ಒಪ್ಪಿದರು. ಇವರಲ್ಲಿ ಯಾರೂ ಭಯೋತ್ಪಾದಕರ ಮೇಲೆ ಮರುಕವುಳ್ಳವರಾಗಿರಲಿಲ್ಲ. ಎಲ್ಲರೂ ಅಧ್ಯಕ್ಷರೇ ನೇಮಿಸಿದವರು. ಇದೆಲ್ಲವೂ ಲೋಕಕ್ಕೆ ತಿಳಿದದ್ದು ಮೂರು ವರ್ಷಗಳ ಮೇಲೆ, 2007ರ ಮೇ 15ರಂದು, ಕೋಮಿಯವರು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದಾಗ. ಒಂದು ರಾಜ್ಯದ ನ್ಯಾಯವು ರೋಗಿಯೊಬ್ಬನು ತಲೆಯೆತ್ತುವುದರ ಮೇಲೆ ನಿಂತಿತ್ತೆಂದರೆ, ಆ ರೋಗಿಯನ್ನು ಎಷ್ಟು ಹೊಗಳಬೇಕೋ ಆ ವ್ಯವಸ್ಥೆಯನ್ನು ಅಷ್ಟೇ ಸಂಶಯಿಸಬೇಕು.

ಮನೆಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತಿದೆ. ಮುಚ್ಚಿಡತಕ್ಕದ್ದೇನೂ ಇಲ್ಲದವನು ಹೆದರುವುದೇಕೆ, ಕೇಳಿದರೆ ಕೇಳಲಿ ಎನ್ನುತ್ತಾರೆ. ಸಭ್ಯರು ಆಡುವ ಮಾತಾದ್ದರಿಂದ ಇದಕ್ಕೆ ಉತ್ತರ ಕೊಡಲೇಬೇಕು. ಭವಭೂತಿಯ ನಾಟಕದಲ್ಲಿ ದುರ್ಮುಖನೆಂಬ ಚಾರನು ಊರ ಮಾತನ್ನು ತಂದು ರಾಮನ ಕಿವಿಯಲ್ಲಿ ಹೇಳುತ್ತಾನೆ. ಸೀತೆಗೆ ಮುಚ್ಚಿಡತಕ್ಕದ್ದು ಏನಿತ್ತು? ಅಗ್ನಿಯೇ ಸಾಕ್ಷಿಯಾಗಿ ನಿಂತಿತ್ತು. ಚಾರನೂ ಸುಳ್ಳು ಹೇಳಲಿಲ್ಲ. ಕೇಳಿದ್ದನ್ನು ಕೇಳಿದಂತೆಯೇ, ಅದೂ ದುಃಖದಿಂದ, ಹೇಳಿದನು. ಆದರೂ ಕಾಡಿಗೆ ಹೋದವಳು ಸೀತೆ. ಕದ್ದು ಕೇಳಿದ ಮಾತಿನಿಂದ ಆಗುವ ಕೇಡು ಕೇಳಿಸಿಕೊಂಡವನ ದೋಷವನ್ನು ಅವಲಂಬಿಸಿಲ್ಲ. ಕೇಳಿದವನ ಕೈಯಲ್ಲಿರುವ ಅಧಿಕಾರವನ್ನು ಅವಲಂಬಿಸಿದೆ.

ಪುರಾಣದ ಮಾತು ಸಾಲದೆಂದರೆ ಇತಿಹಾಸದ್ದು ಇದೆ. 1963ರ ಅಕ್ಟೋಬರಿನಲ್ಲಿ ಅಮೆರಿಕದ ಕರಿಯ ಜನರ ಮುಖಂಡ ಮಾರ್ಟಿನ್ ಲೂಥರ್ ಕಿಂಗರ ಮನೆಯ ಮತ್ತು ಕಚೇರಿಯ ಫೋನುಗಳನ್ನು ಕೇಳಲು ಆಗಿನ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಯವರು ಒಪ್ಪಿಗೆಯಿತ್ತರು. ಕಾರಣವಾಗಿ ಹೇಳಿದ್ದು ದೇಶದ ಭದ್ರತೆ: ಕಿಂಗರ ಸಲಹೆಗಾರರೊಬ್ಬರಿಗೆ ಕಮ್ಯುನಿಸ್ಟರ ನಂಟಿದೆಯೆಂಬ ಸಂಶಯ. ಯಾವ ನ್ಯಾಯಾಧೀಶನನ್ನೂ ಕೇಳಲಿಲ್ಲ. ಮರುವರ್ಷ ಅವರು ತಂಗುವ ಹೋಟೆಲಿನ ಕೋಣೆಗಳಲ್ಲಿಯೂ ಧ್ವನಿಗ್ರಾಹಕಗಳನ್ನು ಅಡಗಿಸಿದರು. ಕಮ್ಯುನಿಸ್ಟರ ಒಳಸಂಚಿನ ವಿಷಯ ಕೇಳಲು ಕುಳಿತ ಕಿವಿಗೆ ಅದು ದೊರೆಯಲಿಲ್ಲ. ದೊರೆತದ್ದು ಒಬ್ಬ ಮನುಷ್ಯನ ಖಾಸಗಿ ಜೀವನ. ಕಿವಿಯು ಅಲ್ಲಿಗೆ ಎದ್ದು ಬರಬೇಕಾಗಿತ್ತು, ಬರಲಿಲ್ಲ. 1964ರ ನವೆಂಬರಿನಲ್ಲಿ, ಕಿಂಗರಿಗೆ ನೊಬೆಲ್ ಶಾಂತಿ ಬಹುಮಾನ ಘೋಷಿತವಾಗಿ ಇನ್ನೂ ಅದನ್ನು ಪಡೆಯುವುದಕ್ಕೆ ಮೊದಲೇ, ಎಫ್.ಬಿ.ಐ.ಯ ಒಳಗಿನಿಂದ ಒಂದು ಧ್ವನಿಸುರುಳಿಯೂ ಹೆಸರಿಲ್ಲದ ಒಂದು ಕಾಗದವೂ ಅವರಿಗೆ ಅಂಚೆಯಲ್ಲಿ ಹೊರಟವು. ಕಿಂಗರ ಜನಾಂಗದವನೇ ಬರೆದಂತೆ ಬರೆದ ಆ ಕಾಗದದಲ್ಲಿ, ಗುಟ್ಟು ಬಯಲಾಗುವ ಮೊದಲು ಪ್ರಾಣವನ್ನು ಕಳೆದುಕೊಳ್ಳುವುದೇ ದಾರಿಯೆಂಬ ಸೂಚನೆಯಿತ್ತು. ಮೂವತ್ತನಾಲ್ಕು ದಿನಗಳ ಗಡುವೂ ಇತ್ತು. ಅದನ್ನು ಬಿಚ್ಚಿದವರು ಕಿಂಗರ ಪತ್ನಿ.

ಇದು ಬಯಲಿಗೆ ಬಂದದ್ದು 1975 ಮತ್ತು 76ರಲ್ಲಿ, ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿಯ ವಿಚಾರಣೆಯಲ್ಲಿ. ಸ್ಥಾಲೀಪುಲಾಕನ್ಯಾಯದಂತೆ ಈ ಒಂದು ಅಗುಳು ಸಾಕು. 1978ರ ಶಾಸನವು ಹುಟ್ಟಿದ್ದು ಈ ಅನ್ನ ಬೆಂದ ಮಡಕೆಯಿಂದಲೇ. 2001ರಲ್ಲಿ ಅದನ್ನು ಬದಿಗೆ ಸರಿಸಿದವರು ದುಷ್ಟರೆಂದು ಹೇಳಬೇಕಾಗಿಲ್ಲ. 1963ರಲ್ಲಿ ಒಪ್ಪಿಗೆಯಿತ್ತವರೂ ದುಷ್ಟರಾಗಿರಲಿಲ್ಲ. ಕಟ್ಟಳೆಯು ಬೇಕಾದದ್ದು ದುಷ್ಟರಿಗಾಗಿ ಮಾತ್ರವಲ್ಲ. ತನ್ನ ಉದ್ದೇಶವು ಒಳ್ಳೆಯದೆಂದು ದೃಢವಾಗಿ ನಂಬಿದವನಿಗೆ ಅದು ಇನ್ನೂ ಹೆಚ್ಚಾಗಿ ಬೇಕು, ಏಕೆಂದರೆ ಅವನಿಗೆ ನಾಚಿಕೆಯ ತಡೆಯೂ ಇರುವುದಿಲ್ಲ.

2005ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಈ ಗೂಢಶ್ರವಣವನ್ನು ಪ್ರಕಟಿಸಿತು. ಸರ್ಕಾರದ ಬಿನ್ನಹದ ಮೇರೆಗೆ ಒಂದು ವರ್ಷಕ್ಕೂ ಮೀರಿ ಸುದ್ದಿಯನ್ನು ತಡೆಹಿಡಿದು ಆಮೇಲೆ ಪ್ರಕಟಿಸಿತೆಂಬುದನ್ನೂ ಸೇರಿಸಿ ಹೇಳಬೇಕು. ಮರುದಿನ ಅಧ್ಯಕ್ಷರು ಹೌದೆಂದು ಒಪ್ಪಿಕೊಂಡರು. ವ್ಯಾಜ್ಯಗಳೆದ್ದವು. ಪತ್ರಕರ್ತರೂ ವಿದ್ವಾಂಸರೂ ವಕೀಲರೂ ಹೂಡಿದ ದಾವೆಯಲ್ಲಿ 2006ರ ಆಗಸ್ಟಿನಲ್ಲಿ ಡೆಟ್ರಾಯಿಟಿನ ನ್ಯಾಯಾಧೀಶೆ ಆನಾ ಡಿಗ್ಸ್ ಟೇಲರ್ ಅವರು ಕಾರ್ಯಕ್ರಮವು ರಾಜ್ಯಾಂಗಕ್ಕೆ ವಿರುದ್ಧವೆಂದರು. ಮರುವರ್ಷ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ರದ್ದುಮಾಡಿದ ಕಾರಣವು ವಿಚಾರಕ್ಕೆ ಅರ್ಹವಾಗಿದೆ. ಕೇಳಿದ್ದು ಸರಿಯೆಂದು ಅದು ಹೇಳಲಿಲ್ಲ. ತಮ್ಮ ಮಾತನ್ನೇ ಕೇಳಿದರೆಂಬುದನ್ನು ವಾದಿಗಳು ತೋರಿಸಲಿಲ್ಲವಾದ್ದರಿಂದ ದೂರುವ ಹಕ್ಕೇ ಅವರಿಗಿಲ್ಲವೆಂದಿತು. ತೋರಿಸುವುದಾದರೂ ಹೇಗೆ? ಯಾರ ಮಾತನ್ನು ಕೇಳಿದರೆಂಬುದು ರಾಜ್ಯದ ಗುಟ್ಟು. 2013ರ ಫೆಬ್ರವರಿಯಲ್ಲಿ ಬೇರೊಂದು ವ್ಯಾಜ್ಯದಲ್ಲಿ ಶ್ರೇಷ್ಠ ನ್ಯಾಯಾಲಯವೂ ಐವರು ನಾಲ್ವರ ಮತಭೇದದಿಂದ ಇದೇ ತರ್ಕವನ್ನು ಹಿಡಿಯಿತು. ಕತ್ತಲೆಯಲ್ಲಿ ಹೊಡೆದವನ ಮೇಲೆ ದೂರು ಕೊಡಬೇಕಾದರೆ ಮೊದಲು ದೀಪವನ್ನು ತಾ, ದೀಪವಿರುವುದು ಹೊಡೆದವನ ಮನೆಯಲ್ಲಿ ಎಂದಂತಾಯಿತು. ನಾಲ್ಕು ತಿಂಗಳಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬ ನೌಕರನು ದೀಪವನ್ನು ಕದ್ದು ಹೊರಗೆ ತಂದನು. ಅವನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇರೊಂದು ಲೇಖನದ ವಿಷಯ. ಅಂಥ ಕಳವಿನ ಹೊರತು ನ್ಯಾಯಸ್ಥಾನಕ್ಕೆ ಬೆಳಕಿಲ್ಲದಂತೆ ಮಾಡಿದ್ದು ಮಾತ್ರ ತಪ್ಪು.

ಕಾವಲುಗಾರನಿಗೆ ಕಾವಲು, ಅವನಿಗೆ ಇನ್ನೊಬ್ಬ ಕಾವಲು ಎಂದು ಹೋದರೆ ಅನವಸ್ಥಾದೋಷ ಬರುವುದಿಲ್ಲವೇ ಎಂದು ತಾರ್ಕಿಕರು ಕೇಳಬಹುದು. ಸಾಲಾಗಿ ನಿಲ್ಲಿಸಿದರೆ ಬರುತ್ತದೆ, ಸುತ್ತಲೂ ನಿಲ್ಲಿಸಿದರೆ ಬರುವುದಿಲ್ಲ. ಅಧಿಕಾರಿಯನ್ನು ನ್ಯಾಯಾಧೀಶನೂ, ನ್ಯಾಯಾಧೀಶನನ್ನು ಶಾಸನವೂ, ಶಾಸನಮಾಡುವವರನ್ನು ಪ್ರಜೆಗಳೂ ನೋಡುತ್ತಿದ್ದರೆ ಕೊನೆಯ ಕಾವಲುಗಾರನೆಂಬವನು ಬೇಕಾಗುವುದೇ ಇಲ್ಲ. ಇವರಲ್ಲಿ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿದರೂ ಸುತ್ತು ಹರಿಯುತ್ತದೆ.

ಇಷ್ಟು ಕೇಳಿದ್ದರಿಂದ ದೊರೆತ ಫಲವೇನು? ಈ ವಿಷಯದಲ್ಲಿ ಎರಡು ಕಡೆಯವರೂ ಅತಿಶಯೋಕ್ತಿಗೆ ಇಳಿದಿದ್ದಾರೆ. ಅಮೆರಿಕದ ಸರ್ಕಾರವೇ ನೇಮಿಸಿದ ಸ್ವತಂತ್ರ ಮಂಡಲಿಯೊಂದು ಗುಪ್ತ ಕಾಗದಗಳನ್ನೆಲ್ಲ ನೋಡಿ 2014ರ ಜನವರಿಯಲ್ಲಿ ವರದಿಮಾಡಿತು. ಎಲ್ಲರ ಫೋನುಗಳ ಲೆಕ್ಕವನ್ನು ರಾಶಿಹಾಕಿದ್ದರಿಂದ ಭಯೋತ್ಪಾದನೆಯ ಯಾವ ತನಿಖೆಯ ಫಲವೂ ಬದಲಾದ ಒಂದು ನಿದರ್ಶನವೂ ಕಾಣಲಿಲ್ಲವೆಂದಿತು. ಅದೇ ಮಂಡಲಿಯು ಅದೇ ವರ್ಷ ಜುಲೈಯಲ್ಲಿ, ಪರದೇಶದಲ್ಲಿರುವ ಪರದೇಶೀಯರನ್ನೇ ಗುರಿಯಾಗಿಟ್ಟು 2008ರ ಶಾಸನದಂತೆ ಕೇಳುವ ಇನ್ನೊಂದು ಕಾರ್ಯಕ್ರಮವು ನಿಜವಾಗಿಯೂ ಬೆಲೆಯುಳ್ಳದ್ದೆಂದೂ, ಅದರಿಂದ ಒಳಸಂಚುಗಳು ತಿಳಿದುಬಂದಿವೆಯೆಂದೂ ಹೇಳಿತು. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಉದಾಹರಿಸುವವರು ಗೆಲ್ಲಬೇಕೆನ್ನುವವರೇ ಹೊರತು ತಿಳಿಯಬೇಕೆನ್ನುವವರಲ್ಲ. ಹುಲ್ಲಿನ ಬಣವೆಯನ್ನೆಲ್ಲ ಮನೆಗೆ ತಂದು ತುಂಬುವುದಕ್ಕೂ ಸೂಜಿ ಬಿದ್ದಿರಬಹುದಾದ ಸ್ಥಳದಲ್ಲಿ ಹುಡುಕುವುದಕ್ಕೂ ಇರುವ ವ್ಯತ್ಯಾಸವು ಇಲ್ಲಿ ಕಾಣುತ್ತದೆ. ಫೋನುಗಳ ಲೆಕ್ಕದ ರಾಶಿಯನ್ನು 2015ರ ಶಾಸನವು ನಿಲ್ಲಿಸಿತು. ಸೊಮಾಲಿಯಾದ ಉಗ್ರರಿಗೆ ಹಣ ಕಳುಹಿಸಿದವರ ಮೊಕದ್ದಮೆಯೊಂದರಲ್ಲಿ 2020ರ ಸೆಪ್ಟೆಂಬರಿನಲ್ಲಿ ಮೇಲಿನ ನ್ಯಾಯಾಲಯವು ಆ ರಾಶಿಯು ಶಾಸನಕ್ಕೆ ವಿರುದ್ಧವಾಗಿತ್ತೆಂದು ಹೇಳಿತು, ಅಪರಾಧಿಗಳ ಶಿಕ್ಷೆಯನ್ನು ಮಾತ್ರ ತೆಗೆಯಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಪ್ರಭುತ್ವವು ತೆಗೆದುಕೊಂಡ ಕಾಲ ಹತ್ತೊಂಬತ್ತು ವರ್ಷ.

ಭಾರತದ ವಾಚಕರು ಇದನ್ನು ಪರದೇಶದ ಕಥೆಯೆಂದು ಮಡಿಚಿಡಬಾರದು. ಇಲ್ಲಿ 1885ರ ಟೆಲಿಗ್ರಾಫ್ ಶಾಸನವು ಆಂಗ್ಲರು ಹೋದ ಮೇಲೂ ಬಹುಕಾಲ ಸರ್ಕಾರದ ಕಿವಿಗೆ ಆಧಾರವಾಗಿತ್ತು. ಕರ್ನಾಟಕದಲ್ಲಿಯೇ ದೂರವಾಣಿಯ ಕದ್ದಾಲಿಕೆಯ ವಿವಾದವೆದ್ದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತದ್ದು ಹಿರಿಯರ ನೆನಪಿನಲ್ಲಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಫೋನಿನ ಮಾತೂ ಪ್ರಜೆಯ ಖಾಸಗಿತನಕ್ಕೆ ಸೇರಿದ್ದೆಂದು ಹೇಳಿ ಕೆಲವು ನಿಯಮಗಳನ್ನು ವಿಧಿಸಿತು. ಆದರೆ ಅನುಜ್ಞೆಯನ್ನು ನ್ಯಾಯಾಧೀಶನ ಕೈಗೆ ಕೊಡಲಿಲ್ಲ, ಗೃಹ ಕಾರ್ಯದರ್ಶಿಯ ಕೈಯಲ್ಲಿಯೇ ಬಿಟ್ಟಿತು. 2023ರ ದೂರಸಂಪರ್ಕ ಶಾಸನವು ಬಂದ ಮೇಲೆಯೂ ಆ ಕೈ ಬದಲಾಗಲಿಲ್ಲ. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರವು ವಾದಿಸಿದಾಗ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಕ್ಕೊರಲಿನಿಂದ ಅಹುದೆಂದರು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಹೂಡಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಆ ತೀರ್ಪಿನಲ್ಲಿಯೂ ರಾಜ್ಯದ ಕಿವಿಯನ್ನು ಕತ್ತರಿಸಿಲ್ಲ. ಶಾಸನದ ಆಧಾರವಿರಬೇಕು, ಉದ್ದೇಶವು ನ್ಯಾಯವಾದದ್ದಿರಬೇಕು, ಉಪಾಯವು ಉದ್ದೇಶದ ಅಳತೆಯನ್ನು ಮೀರಬಾರದು ಎಂದಿದೆ. ಉಷಸ್ತಿಗೆ ಈ ಮೂರನೆಯ ಮಾತು ಹೊಸದಾಗಿ ತೋರುತ್ತಿರಲಿಲ್ಲ.

ಅಮೆರಿಕದ 2008ರ ಶಾಸನದಲ್ಲಿಯೂ ಒಂದು ತೊಡಕು ಉಳಿದಿತ್ತು. ಗುರಿ ಪರದೇಶೀಯನಾದರೂ ಅವನೊಡನೆ ಮಾತನಾಡಿದ ಅಮೆರಿಕದ ಪ್ರಜೆಯ ಮಾತೂ ಉಗ್ರಾಣಕ್ಕೆ ಬೀಳುತ್ತದೆ, ಆಮೇಲೆ ಎಫ್.ಬಿ.ಐ.ಯವರು ಆ ಪ್ರಜೆಯ ಹೆಸರನ್ನೇ ಹಿಡಿದು ಉಗ್ರಾಣವನ್ನು ತಡಕಬಹುದು, ವಾರಂಟು ಬೇಡ. ಹೀಗೆ ತಡಕಿದವುಗಳಲ್ಲಿ 2020ರ ಪ್ರತಿಭಟನೆಗಳಲ್ಲಿ ಬಂಧಿತರಾದವರ ಹೆಸರುಗಳೂ, ಶಾಸನಸಭೆಯ ಅಭ್ಯರ್ಥಿಯೊಬ್ಬರಿಗೆ ಚಂದಾ ಕೊಟ್ಟ ಸುಮಾರು 19,000 ಮಂದಿಯ ಹೆಸರುಗಳೂ ಇದ್ದುವೆಂದು 2023ರ ಮೇಯಲ್ಲಿ ಬಿಡುಗಡೆಯಾದ ನ್ಯಾಯಾಲಯದ ಆದೇಶದಿಂದ ಗೊತ್ತಾಯಿತು. ಭಯೋತ್ಪಾದಕನನ್ನು ಹುಡುಕಲು ಕಟ್ಟಿದ ಉಗ್ರಾಣಕ್ಕೂ ಚಂದಾ ಕೊಟ್ಟ ಗೃಹಸ್ಥನಿಗೂ ಏನು ಸಂಬಂಧ? ಶಾಸನವು ಮುಗಿಯುವ ಕಾಲ ಬಂದಾಗ, ಪ್ರಜೆಯ ಹೆಸರಿನಲ್ಲಿ ತಡಕಬೇಕಾದರೆ ನ್ಯಾಯಾಧೀಶನ ವಾರಂಟು ಬೇಕೆಂದು, ತುರ್ತಿನ ಸಂದರ್ಭಕ್ಕೆ ವಿನಾಯಿತಿಯನ್ನೂ ಇಟ್ಟು, ಪ್ರತಿನಿಧಿಸಭೆಯಲ್ಲಿ ಒಂದು ತಿದ್ದುಪಡಿಯನ್ನು ತಂದರು. 2024ರ ಏಪ್ರಿಲ್ 12ರಂದು ಮತವೆಣಿಸಿದಾಗ ಬೇಕೆಂದವರು 212, ಬೇಡವೆಂದವರು 212. ಸಮಬಲವಾದರೆ ಸೂಚನೆಯು ಬಿದ್ದಂತೆ ಎಂಬುದು ಆ ಸಭೆಯ ನಿಯಮ. ಶಾಸನವು ಇನ್ನೆರಡು ವರ್ಷಗಳಿಗೆ ಮುಂದುವರಿಯಿತು. ಎರಡು ರಾಜಕೀಯ ಪಕ್ಷಗಳವರೂ ಅಂದು ಎರಡು ಕಡೆಗಳಲ್ಲಿಯೂ ಮತವಿತ್ತಿದ್ದರು.